ಎಚ್‌ಡಿ ಹ್ಯಾಂಡಿಕ್ಯಾಮ್ ಯಾವುದು ತಗೊಳ್ಳಲಿ, ಅದರ ವಿಡಿಯೊ ಕಂಪ್ಯೂಟರಿಗೆ ಹಾಕುವುದು ಹೇಗೆ?

ನೀವು ಕೇಳಿದ್ದರಲ್ಲಿ ಮೂರು ಪ್ರಶ್ನೆ ಇದೆ. ಊರಿನ ಯಕ್ಷಗಾನ, ಮಗಳ ಶಾಲೆಯ ಕಾರ್ಯಕ್ರಮ ತೆಗೆಯಲು ಎಚ್‌ಡಿ ಹ್ಯಾಂಡಿಕ್ಯಾಮ್ ಬೇಕು, ಯಾವುದು ನೋಡಲಿ? ಅಮೆರಿಕದಲ್ಲಿರುವ ಅಣ್ಣ ಹಳೆಯ ಟೇಪ್ ಕ್ಯಾಮೆರಾ ಕೊಡುತ್ತೇನೆ ಅಂದಿದ್ದಾರೆ, ಅದೇ ಸಾಕಾ? ತೆಗೆದದ್ದನ್ನು ಕಂಪ್ಯೂಟರಿಗೆ ಇಳಿಸುವುದು ಹೇಗೆ? ನಾನು ಕೊನೆಯದರಿಂದಲೇ ಶುರು ಮಾಡುತ್ತೇನೆ. ಮೊದಲು ಕ್ಯಾಮೆರಾ ತಂದು, ಆಮೇಲೆ ಇಳಿಸುವ ದಾರಿ ಹುಡುಕಿ ಪೆಟ್ಟು ತಿಂದವನು ನಾನು.

2008ರಲ್ಲಿ ನಾನು ಕೊಂಡ ಮೊದಲ ಎಚ್‌ಡಿ ಕ್ಯಾಮೆರಾ ಟೇಪಿನದು. ಅಂಗಡಿಯ ಟಿವಿಯಲ್ಲಿ ಚಿತ್ರ ನೋಡಿ ಮರುಳಾದೆ. ಮನೆಗೆ ಬಂದು ಡಬ್ಬಿಯಲ್ಲಿದ್ದ ಯುಎಸ್‌ಬಿ ಕೇಬಲ್ ಲ್ಯಾಪ್‌ಟಾಪಿಗೆ ಚುಚ್ಚಿದರೆ ಬಂದದ್ದು ನಾಲ್ಕು ಫೋಟೊ. ವಿಡಿಯೊ ಇಲ್ಲವೇ ಇಲ್ಲ. ಕ್ಯಾಮೆರಾ ಕೆಟ್ಟಿರಲಿಲ್ಲ, ಅದು ಇದ್ದದ್ದೇ ಹಾಗೆ. ಟೇಪಿನಲ್ಲಿದ್ದದ್ದು ಫೈರ್‌ವೈರ್ ಎಂಬ ಬೇರೆ ಪೋರ್ಟಿನಿಂದ ಬರಬೇಕು, ನನ್ನ ಲ್ಯಾಪ್‌ಟಾಪಿನಲ್ಲಿ ಆ ಪೋರ್ಟೇ ಇಲ್ಲ. ಕೊನೆಗೆ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ಹಳೇ ಡೆಸ್ಕ್‌ಟಾಪಿಗೆ ಒಂದು ಫೈರ್‌ವೈರ್ ಕಾರ್ಡು, ಒಂದು ಬದಿ ನಾಲ್ಕು ಪಿನ್, ಇನ್ನೊಂದು ಬದಿ ಆರು ಪಿನ್ ಇರುವ ಕೇಬಲ್ಲು ತಂದೆ. ಆಮೇಲೆಯೇ ಕೆಲಸ ನಡೆದದ್ದು.

ಈ ಟೇಪ್ ಎಚ್‌ಡಿಯ ಹೆಸರು ಎಚ್‌ಡಿವಿ. 2003ರಲ್ಲಿ ಸೋನಿ, ಜೆವಿಸಿ, ಕ್ಯಾನನ್, ಶಾರ್ಪ್ ಸೇರಿ ತಂದದ್ದು. ಹಳೆಯ ಮಿನಿ ಡಿವಿ ಕ್ಯಾಸೆಟ್ಟಿಗೇ ಎಚ್‌ಡಿ ಚಿತ್ರ ತುಂಬುವ ಉಪಾಯ ಅದು. ಚಿತ್ರ ಇವತ್ತಿಗೂ ಚೆನ್ನಾಗಿಯೇ ಇದೆ. ಆದರೆ ಇಳಿಸುವಾಗ ಒಂದು ಗಂಟೆಯ ಟೇಪಿಗೆ ಒಂದು ಗಂಟೆಯೇ ಬೇಕು, ಯಾಕೆಂದರೆ ಟೇಪು ಓಡುತ್ತಾ ಓಡುತ್ತಲೇ ಬರಬೇಕು. ರಾತ್ರಿ ಊಟ ಮುಗಿಸಿ ಟೇಪ್ ಹಚ್ಚಿ, ಪಕ್ಕದಲ್ಲಿ ಕೂತು ಬೇರೇನೋ ಕೆಲಸ ಮಾಡುತ್ತಿದ್ದೆ. ಟೇಪಿನಲ್ಲಿ ಒಂದು ಚಿಕ್ಕ ಕಲೆ ಇದ್ದರೂ ಚಿತ್ರ ಸುಮಾರು ಅರ್ಧ ಸೆಕೆಂಡ್ ನಿಂತುಬಿಡುತ್ತದೆ. ಎಚ್‌ಡಿವಿಯಲ್ಲಿ ಹನ್ನೆರಡು ಹದಿನೈದು ಫ್ರೇಮುಗಳನ್ನು, ಅಂದರೆ ಬಿಡಿ ಚಿತ್ರಗಳನ್ನು, ಒಂದು ಕಟ್ಟು ಮಾಡಿ ಇಟ್ಟಿರುತ್ತಾರೆ, ಒಂದು ಹಾಳಾದರೆ ಆ ಕಟ್ಟೇ ಹೋಗುತ್ತದೆ. ನನ್ನ ಹತ್ತಿರ ಇರುವ ಒಂದು ಪ್ರಸಂಗದಲ್ಲಿ ಭಾಗವತರು ಬಾಯಿ ತೆರೆದವರು ಹಾಗೇ ಕಲ್ಲಾಗಿ, ಮತ್ತೆ ಮುಂದಿನ ಸಾಲಿನಲ್ಲಿ ಎಚ್ಚರಾಗುತ್ತಾರೆ. ನಮ್ಮ ಕಡೆ ಮಳೆಗಾಲದ ತೇವಕ್ಕೆ ಟೇಪಿಗೆ ಬೂಸ್ಟು ಬೇರೆ ಹಿಡಿಯುತ್ತದೆ.

ಅಣ್ಣನ ಕ್ಯಾಮೆರಾಕ್ಕೆ ಇನ್ನೂ ಒಂದು ತೊಡಕಿದೆ. ಅಮೆರಿಕದ್ದು ಸೆಕೆಂಡಿಗೆ 60 ಸಲ ನೋಡುವ ಲೆಕ್ಕ, ನಮ್ಮದು 50ರ ಲೆಕ್ಕ. ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ ಚೋಕ್ ಇರುವ ಟ್ಯೂಬ್‌ಲೈಟು ಸೆಕೆಂಡಿಗೆ ನೂರು ಸಲ ಮಿನುಗುತ್ತದೆ. ಕಣ್ಣಿಗೆ ಗೊತ್ತಾಗುವುದಿಲ್ಲ. ಸೆಕೆಂಡಿಗೆ 60 ಸಲ ನೋಡುವ ಕ್ಯಾಮೆರಾಕ್ಕೆ ಗೊತ್ತಾಗುತ್ತದೆ. ಶಾಲೆಯ ಹಾಲಿನಲ್ಲಿ ತೆಗೆದರೆ ಇಡೀ ಚಿತ್ರ ಉಸಿರಾಡುವ ಹಾಗೆ ಕಪ್ಪಾಗಿ ಬೆಳ್ಳಗಾಗಿ ಆಗುತ್ತಿರುತ್ತದೆ. ಶಟರನ್ನು (ಒಂದೊಂದು ಚಿತ್ರಕ್ಕೆ ಬೆಳಕು ಒಳಗೆ ಬಿಡುವ ಹೊತ್ತು) ಕೈಯಾರೆ 1/100 ಸೆಕೆಂಡಿಗೆ ಇಟ್ಟರೆ ನಿಲ್ಲುತ್ತದೆ. ಆದರೆ ಎಲ್ಲ ಕ್ಯಾಮೆರಾದಲ್ಲೂ ಆ ಅವಕಾಶ ಇರುವುದಿಲ್ಲ. ಇಲ್ಲಿನ ಕ್ಯಾಮೆರಾದ 25 ಫ್ರೇಮಿನ ವಿಡಿಯೊ ಜೊತೆ ಸೇರಿಸಿದರೆ ಓಡಾಟ ತಡವರಿಸುತ್ತದೆ. ಹಾಗಾಗಿ ಹೊಸದಾಗಿ ಶೂಟ್ ಮಾಡಲು ಅದು ಬೇಡ ಅನ್ನುವುದು ನನ್ನ ಅಭಿಪ್ರಾಯ.

ಆದರೂ ಕ್ಯಾಮೆರಾ ಎಸೆಯಬೇಡಿ ಅಂತ ಅಣ್ಣನಿಗೆ ಇವತ್ತೇ ಹೇಳಿ. ಅವರ ಹತ್ತಿರ ಹಳೆಯ ಟೇಪುಗಳಿದ್ದರೆ ಅವನ್ನು ಓಡಿಸಲು ಅದೇ ಬೇಕು. ಅಲ್ಲಿನ ಟೇಪು ಇಲ್ಲಿನ 50ರ ಕ್ಯಾಮೆರಾದಲ್ಲಿ ಓಡುತ್ತದೆ ಅಂತ ನಂಬಿ ಕೂರಬೇಡಿ. ಇಳಿಸುವುದನ್ನು ಅವರು ಅಲ್ಲೇ ಮುಗಿಸಲಿ. ವಿಂಡೋಸಿನಲ್ಲಿ ಎಚ್‌ಡಿವಿಸ್ಪ್ಲಿಟ್ ಎಂಬ ಪುಟ್ಟ ಉಚಿತ ಪ್ರೋಗ್ರಾಂ ಸಾಕು. ಕ್ಯಾಮೆರಾ ಸೋನಿಯದಾದರೆ ಮೆನುವಿನಲ್ಲಿ ಐ.ಲಿಂಕ್ (ಫೈರ್‌ವೈರಿಗೆ ಸೋನಿ ಇಟ್ಟ ಹೆಸರು) ಕನ್ವರ್ಟ್ ಆಫ್ ಆಗಿದೆಯಾ ನೋಡಿಕೊಳ್ಳಲಿ. ಅದು ಆನ್ ಇದ್ದರೆ ಎಚ್‌ಡಿ ಟೇಪು ಸಾದಾ ಡಿವಿಯಾಗಿ ಇಳಿಯುತ್ತದೆ, ಮತ್ತೆ ಮೊದಲಿಂದ ಮಾಡಬೇಕು. ಮ್ಯಾಕ್ ಇದ್ದರೆ ಹಳೆಯ ಮ್ಯಾಕೇ ಒಳ್ಳೆಯದು, 2025ರ ಮ್ಯಾಕ್ ಓಎಸ್‌ನಲ್ಲಿ ಫೈರ್‌ವೈರನ್ನೇ ತೆಗೆದುಹಾಕಿದ್ದಾರೆ. ಆರು ಪಿನ್ನಿನ ತುದಿಯನ್ನು ಉಲ್ಟಾ ಒತ್ತಿ ತುರುಕಬಾರದು. ಅದರಲ್ಲಿ ಕರೆಂಟು ಬರುತ್ತದೆ, ಪೋರ್ಟು ಸುಟ್ಟುಹೋಗುತ್ತದೆ.

ಈಗ ನೀವು ಕೊಳ್ಳುವ ವಿಷಯ. ಕಾರ್ಡಿನಲ್ಲಿ ರೆಕಾರ್ಡ್ ಆಗುವುದನ್ನೇ ತಗೊಳ್ಳಿ. ಹೊಸ ಹ್ಯಾಂಡಿಕ್ಯಾಮ್ ಮಾಡೆಲ್ಲುಗಳು ಈಗ ಬರುವುದೇ ಕಡಿಮೆ, ಮೊಬೈಲು ಅವನ್ನು ನುಂಗಿಹಾಕಿದೆ. ಆದರೆ ನಿಮ್ಮ ಕೆಲಸಕ್ಕೆ ಮೊಬೈಲಿಗಿಂತ ಹ್ಯಾಂಡಿಕ್ಯಾಮೇ ಸರಿ. ಬಯಲಾಟದ ಹಿಂದಿನ ಸಾಲಿನಿಂದ ವೇಷದ ಮುಖ ತುಂಬುವ ಹಾಗೆ ಹತ್ತಿರ ಎಳೆಯಬಹುದು, ಮಧ್ಯದಲ್ಲಿ ಫೋನ್ ಬರುವುದಿಲ್ಲ, ಅಡಾಪ್ಟರ್ ಹಾಕಿಟ್ಟರೆ ಕಾರ್ಡು ತುಂಬುವವರೆಗೆ ಓಡುತ್ತದೆ. ಸೆಕೆಂಡ್ ಹ್ಯಾಂಡ್ ನೋಡುವುದಾದರೆ ಎರಡು ಮಾಡೆಲ್ ಹೇಳುತ್ತೇನೆ. ಸೋನಿ ಸಿಎಕ್ಸ್405, 2015ರದ್ದು, 30 ಪಟ್ಟು ಆಪ್ಟಿಕಲ್ ಝೂಮ್. ಯುಎಸ್‌ಬಿ ಕೇಬಲ್ಲು ಅದರ ಕೈಪಟ್ಟಿಯಲ್ಲೇ ಅಡಗಿದೆ, ಹುಡುಕುವ ಗೋಜಿಲ್ಲ. ಆದರೆ ಹೊರಗಿನ ಮೈಕಿಗೆ ಜಾಕ್ ಇಲ್ಲ. ಇನ್ನೊಂದು ಕ್ಯಾನನ್ ಲೆಗ್ರಿಯಾ ಆರ್806. 32 ಪಟ್ಟು ಆಪ್ಟಿಕಲ್ ಝೂಮ್, ಮೈಕ್ ಜಾಕೂ ಇದೆ. ಯಕ್ಷಗಾನಕ್ಕೆ ನಾನಾದರೆ ಇದನ್ನೇ ಆರಿಸುತ್ತೇನೆ. ಕಾರಣ ಚಂಡೆ. ಶಬ್ದವನ್ನು ಆಟೊದಲ್ಲಿ ಬಿಟ್ಟರೆ ಚಂಡೆಯ ಒಂದು ಪೆಟ್ಟಿಗೆ ಕ್ಯಾಮೆರಾ ಬೆದರಿ ಎಲ್ಲವನ್ನೂ ತಗ್ಗಿಸುತ್ತದೆ. ಪೆಟ್ಟು ನಿಂತ ಮೇಲೂ ಭಾಗವತರ ಪದ ಸ್ವಲ್ಪ ಹೊತ್ತು ಬಾವಿಯೊಳಗಿಂದ ಬಂದ ಹಾಗೆ ಕೇಳುತ್ತದೆ. ಒಂದು ಮೈಕು ಭಾಗವತರ ಬದಿಗೆ ಇಡಲು ಸಾಧ್ಯವಾದರೆ ಅರ್ಧ ಕಷ್ಟ ಮುಗಿಯಿತು. ರಂಗದ ಬೆಳಕಿಗೆ ಬಣ್ಣದ ವೇಷದ ಮುಖ ಸುಣ್ಣ ಹೊಡೆದ ಹಾಗೆ ಕಂಡರೆ ಸ್ಪಾಟ್‌ಲೈಟ್ ಮೋಡ್ ಹಾಕಿ.

ಹೆಸರೇ ಇಲ್ಲದ ಕಂಪನಿಗಳ ಅಗ್ಗದ 4ಕೆ ಹ್ಯಾಂಡಿಕ್ಯಾಮುಗಳು ಆನ್‌ಲೈನಿನಲ್ಲಿ ತುಂಬಾ ಇವೆ. ಅವುಗಳಲ್ಲಿ ಹೆಚ್ಚಿನವಕ್ಕೆ ಇರುವುದು ಡಿಜಿಟಲ್ ಝೂಮ್ ಮಾತ್ರ, ಅಂದರೆ ಫೋಟೊವನ್ನು ಎಳೆದು ದೊಡ್ಡದು ಮಾಡಿದಂತೆ. ಆಪ್ಟಿಕಲ್ ಅನ್ನುವ ಶಬ್ದ ಡಬ್ಬಿಯ ಮೇಲೆ ಇಲ್ಲದಿದ್ದರೆ ಸುಮ್ನೆ ಮುಂದೆ ಹೋಗಿ.

ಕಾರ್ಡನ್ನು ನಂಬಿಕೆಯ ಕಡೆ ತಗೊಳ್ಳಿ. ನನಗೆ ಒಮ್ಮೆ ಒಂದು ಅಂಗಡಿಯಲ್ಲಿ 64 ಜಿಬಿ ಅಂತ ಕೊಟ್ಟ ಕಾರ್ಡಿನೊಳಗೆ ನಿಜವಾಗಿ ಇದ್ದದ್ದು 8. ಕಂಪ್ಯೂಟರು 64 ಅಂತಲೇ ತೋರಿಸುತ್ತಿತ್ತು! ಎಚ್2ಟೆಸ್ಟ್‌ಡಬ್ಲ್ಯು ಎಂಬ ಉಚಿತ ಪ್ರೋಗ್ರಾಂ ಕಾರ್ಡನ್ನು ಪೂರ್ತಿ ತುಂಬಿಸಿ ಓದಿ ನೋಡುತ್ತದೆ. ಹೊಸ ಕಾರ್ಡು ಬಂದ ದಿನವೇ ಓಡಿಸಿ. ಲೆಕ್ಕಕ್ಕೆ ಹೇಳುತ್ತೇನೆ: 24 ಎಂಬಿಪಿಎಸ್‌ನಲ್ಲಿ (ಸೆಕೆಂಡಿಗೆ 24 ಮೆಗಾಬಿಟ್) ಗಂಟೆಗೆ ಸುಮಾರು 11 ಜಿಬಿ ಬೇಕು. ಸಿಎಕ್ಸ್405ರ ಎಕ್ಸ್‌ಎವಿಸಿ ಎಸ್ ಮೋಡ್ 50 ಎಂಬಿಪಿಎಸ್, ಅದರಲ್ಲಿ 64 ಜಿಬಿ ಎರಡೂವರೆ ಗಂಟೆಗೆ ಸ್ವಲ್ಪ ಜಾಸ್ತಿ ಬರುತ್ತದೆ. ಇಡೀ ರಾತ್ರಿಯ ಆಟಕ್ಕೆ 24ರ ಮೋಡೇ ಸಾಕು.

ಇನ್ನು ಇಳಿಸುವುದು. ಕಾರ್ಡ್ ತೆಗೆದು ರೀಡರಿಗೆ ಹಾಕಿ, ಕ್ಯಾಮೆರಾದ ಬ್ಯಾಟರಿ ಮೇಲೆ ಅವಲಂಬನೆ ಬೇಡ. 2006ರಲ್ಲಿ ಸೋನಿ ಮತ್ತು ಪ್ಯಾನಸೋನಿಕ್ ತಂದ ಎವಿಸಿಎಚ್‌ಡಿ ವಿಧಾನದಲ್ಲಿ ತೆಗೆದಿದ್ದರೆ ಪ್ರೈವೇಟ್, ಅದರೊಳಗೆ ಎವಿಸಿಎಚ್‌ಡಿ, ಅದರೊಳಗೆ ಬಿಡಿಎಂವಿ, ಅದರೊಳಗೆ ಸ್ಟ್ರೀಮ್ ಅಂತ ಫೋಲ್ಡರ್ ಮೇಲೆ ಫೋಲ್ಡರ್ ಇರುತ್ತದೆ. ಮ್ಯಾಕಿನಲ್ಲಿ ಇದೆಲ್ಲ ಒಂದೇ ಫೈಲಿನ ಹಾಗೆ ಕಂಡರೆ ಗಾಬರಿಯಾಗಬೇಡಿ, ರೈಟ್ ಕ್ಲಿಕ್ ಮಾಡಿ ಶೋ ಪ್ಯಾಕೇಜ್ ಕಂಟೆಂಟ್ಸ್ ಒತ್ತಿದರೆ ತೆರೆಯುತ್ತದೆ. ಸ್ಟ್ರೀಮ್ ಒಳಗಿನ ಎಂಟಿಎಸ್ ಫೈಲುಗಳೇ ನಿಮ್ಮ ವಿಡಿಯೊ. ಆದರೆ ಅವನ್ನಷ್ಟೇ ಹೆಕ್ಕಬೇಡಿ. ಪ್ರೈವೇಟ್ ಫೋಲ್ಡರನ್ನು ಇಡಿಯಾಗಿ ಕಾಪಿ ಮಾಡಿ, ತಾರೀಕು ಮತ್ತು ಊರಿನ ಹೆಸರಿಟ್ಟ ಹೊಸ ಫೋಲ್ಡರಿಗೆ ಹಾಕಿ.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಆ ಫೈಲುಗಳ ಹೆಸರು 00000, 00001 ಅಂತ ಮಾತ್ರ ಇರುತ್ತದೆ. ಪ್ರತಿ ಕಾರ್ಡಿನಲ್ಲೂ ಹಾಗೆಯೇ. ತಂಗಿಯ ಮಗನ ನಾಮಕರಣದ ದಿನ ಎರಡು ಕಾರ್ಡು ತುಂಬಿತ್ತು. ಮೊದಲನೆಯದರ ಫೈಲುಗಳನ್ನು ಡೆಸ್ಕ್‌ಟಾಪಿನ ಒಂದು ಫೋಲ್ಡರಿಗೆ ಹಾಕಿ ಕಾರ್ಡು ಫಾರ್ಮ್ಯಾಟ್ ಮಾಡಿದೆ. ಎರಡನೆಯದನ್ನು ಅಲ್ಲಿಗೇ ಎಳೆದಾಗ ರಿಪ್ಲೇಸ್ ಮಾಡಲೇ ಅಂತ ಕೇಳಿತು, ನಿದ್ದೆಗಣ್ಣಿನಲ್ಲಿ ಹೂಂ ಅಂದೆ. ಊಟದ ಪಂಕ್ತಿ ಪೂರ್ತಿ ಉಳಿಯಿತು. ತೊಟ್ಟಿಲು ತೂಗಿದ್ದು, ಅಜ್ಜಿ ಕಿವಿಯಲ್ಲಿ ಹೆಸರು ಹೇಳಿದ್ದು ಹೋಯಿತು. ತಂಗಿ ಈಗಲೂ ಅದನ್ನು ಎತ್ತಿ ಆಡುತ್ತಾಳೆ.

ಇಡೀ ಫೋಲ್ಡರ್ ಬೇಕೆನ್ನಲು ಇನ್ನೊಂದು ಕಾರಣ: ಉದ್ದದ ರೆಕಾರ್ಡಿಂಗನ್ನು ಕ್ಯಾಮೆರಾ ತಾನಾಗಿಯೇ 2 ಅಥವಾ 4 ಜಿಬಿಯ ತುಂಡು ಮಾಡುತ್ತದೆ. ಯಾವ ತುಂಡಿನ ಮುಂದೆ ಯಾವುದು ಅನ್ನುವ ಲೆಕ್ಕ ಆ ಪಕ್ಕದ ಫೋಲ್ಡರುಗಳಲ್ಲಿರುತ್ತದೆ. ಸುಮ್ನೆ ಒಂದರ ಹಿಂದೆ ಒಂದು ಇಟ್ಟರೆ ಬೆಸುಗೆಯಲ್ಲಿ ಒಂದು ಕ್ಷಣ ಶಬ್ದ ಹಾರುತ್ತದೆ. ಕ್ಯಾಮೆರಾ ಕಂಪನಿಯದೇ ಪ್ರೋಗ್ರಾಂ ಇದನ್ನು ಸರಿಯಾಗಿ ಜೋಡಿಸಿಕೊಡುತ್ತದೆ. ಎಕ್ಸ್‌ಎವಿಸಿ ಎಸ್ ಆದರೆ ಫೈಲು ಎಂಪಿ4, ಪ್ರೈವೇಟಿನೊಳಗಿನ ಎಂ4ರೂಟ್ ಎಂಬಲ್ಲಿರುತ್ತದೆ. ಹಾಗಾಗಿ ಪ್ರೈವೇಟನ್ನೇ ಎತ್ತಿಟ್ಟರೆ ಎರಡೂ ಬಂದ ಹಾಗಾಯಿತು.

ಕಾಪಿ ಆದ ಮೇಲೆ ಮೊದಲ, ನಡುವಿನ, ಕೊನೆಯ ಕ್ಲಿಪ್ ವಿಎಲ್‌ಸಿ ಎಂಬ ಪ್ಲೇಯರಿನಲ್ಲಿ ಓಡಿಸಿ ನೋಡಿ. ಕುಣಿಯುವಾಗ ವೇಷದ ಅಂಚಿಗೆ ಬಾಚಣಿಗೆ ಹಲ್ಲಿನಂಥ ಗೆರೆ ಕಂಡರೆ ಅದು ದೋಷವಲ್ಲ, ಒಂದು ಸಾಲು ಬಿಟ್ಟು ಒಂದು ಸಾಲು ತೆಗೆಯುವ 50ಐ ಅನ್ನುವ ವಿಧಾನದ ಗುಣ. ವಿಎಲ್‌ಸಿಯಲ್ಲಿ ಡಿಇಂಟರ್ಲೇಸ್ ಹಾಕಿದರೆ ಹೋಗುತ್ತದೆ. ಇನ್ನೊಂದು ಹಾರ್ಡ್ ಡಿಸ್ಕಿಗೂ ಒಂದು ಕಾಪಿ ಹಾಕಿದ ಮೇಲೆಯೇ ಕಾರ್ಡು ಫಾರ್ಮ್ಯಾಟ್ ಮಾಡಿ, ಅದನ್ನೂ ಕ್ಯಾಮೆರಾದಲ್ಲೇ ಮಾಡಿ. ಎಡಿಟಿಂಗಿಗೆ ಉಚಿತದ ಶಾಟ್‌ಕಟ್ ಸಾಕು. ವಾಟ್ಸಾಪಿಗೆ ಕಳಿಸಲು ಚಿಕ್ಕದು ಮಾಡಬೇಕಾದರೆ ಹ್ಯಾಂಡ್‌ಬ್ರೇಕ್ ಎಂಬ ಪ್ರೋಗ್ರಾಂ. ಮೂಲ ಫೈಲು ಮಾತ್ರ ಮುಟ್ಟಬೇಡಿ.

ಅಣ್ಣನ ಕ್ಯಾಮೆರಾದ ಮಾಡೆಲ್ ನಂಬರು, ಟೇಪು ಎಷ್ಟಿವೆ ಅನ್ನುವುದನ್ನು ಇಲ್ಲೇ ಬರೆಯಿರಿ. ಯಾವ ಕೇಬಲ್ಲು ಬೇಕಾಗುತ್ತದೆ ನೋಡಿ ಹೇಳುತ್ತೇನೆ.