ಉಡುಪಿಯಲ್ಲಿದ್ದೇನೆ, ಹೊಸ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450 ಬೈಕ್ ತಗೊಂಡಿದ್ದೇನೆ. ಘಟ್ಟದ ಟೂರ್‌ಗೆ ಯಾವ ಆಕ್ಸೆಸರಿ ಮೊದಲು ಹಾಕಿಸಲಿ?

ಮೊದಲು ಹೆಬ್ರಿ, ಸೋಮೇಶ್ವರ ದಾಟಿ ಆಗುಂಬೆಗೆ ಒಂದು ಸಲ ಹಾಗೇ ಹೋಗಿ ಬನ್ನಿ. ಏನು ಬೇಕು ಅಂತ ಬೈಕೇ ಹೇಳುತ್ತದೆ. ಟ್ಯಾಂಕ್ 17 ಲೀಟರ್ ಇದೆ. ನಮ್ಮ ಕಡೆ ಓಡಾಡಲು ಹೆಚ್ಚುವರಿ ಪೆಟ್ರೋಲ್‌ಗೆ ಜೆರ್ರಿ ಕ್ಯಾನ್ ಬರೀ ಶೋಕಿ.

ಕ್ರ್ಯಾಶ್ ಗಾರ್ಡ್ ಮಾತ್ರ ಮೊದಲೇ ಹಾಕಿಸಿ. 196 ಕೆಜಿ ಬೈಕು, ನಿಂತಲ್ಲೇ ವಾಲಿದರೂ ರೇಡಿಯೇಟರ್ ಉಳಿಯಬೇಕಲ್ವಾ?

ಇಲ್ಲಿ ನಿಜವಾದ ಶತ್ರು ಉಪ್ಪುಗಾಳಿ. ನಾನು ಅಗ್ಗಕ್ಕೆ ತಂದ ಲಗೇಜ್ ರ‍್ಯಾಕ್ ಒಂದೇ ಮಳೆಗಾಲಕ್ಕೆ ವೆಲ್ಡಿಂಗ್ ಜಾಗದಲ್ಲಿ ತುಕ್ಕು ಹಿಡಿಯಿತು. ಬೋಲ್ಟ್‌ಗಳನ್ನಾದರೂ ಸ್ಟೇನ್‌ಲೆಸ್ ಸ್ಟೀಲ್‌ನದ್ದೇ ಕೇಳಿ. ಮಲ್ಪೆ ಬೀಚ್‌ಗೆ ಹೋಗಿ ಬಂದ ದಿನ ಸಿಹಿ ನೀರಲ್ಲಿ ತೊಳೆದು, ಒಣಗಿಸಿ, ಚೈನ್‌ಗೆ ಲ್ಯೂಬ್ ಹೊಡೆಯಿರಿ.

ಘಟ್ಟದ ಮಂಜಿಗೆ ಹಳದಿ ಫಾಗ್ ಲೈಟ್ ಒಳ್ಳೆಯದು. ಆದರೆ ಕೆಳಗೆ ಕೂರಿಸಿ, ಬೆಳಕು ರಸ್ತೆಗೆ ಬೀಳಲಿ, ಎದುರಿನವರ ಕಣ್ಣಿಗಲ್ಲ. 40 ವ್ಯಾಟ್‌ನ ಎರಡು ಲೈಟು 12 ವೋಲ್ಟ್‌ನಲ್ಲಿ ಸುಮಾರು 7 ಆಂಪಿಯರ್ ಎಳೆಯುತ್ತವೆ. ಹಾಗಾಗಿ ರಿಲೇ (ಸ್ವಿಚ್ ಬದಲು ಹೆಚ್ಚಿನ ಕರೆಂಟನ್ನು ತಾನು ಹೊರುವ ಭಾಗ), ಬೇರೆ ಫ್ಯೂಸ್ ಎರಡೂ ಬೇಕು. ಹೆಡ್‌ಲೈಟ್ ವೈರ್ ಕತ್ತರಿಸಿ ಜೋಡಿಸುತ್ತೇನೆ ಅನ್ನುವವರ ಅಂಗಡಿಯಿಂದ ವಾಪಸ್ ಬನ್ನಿ.

ಭಾರದ ಸಾಮಾನು ಟಾಪ್ ಬಾಕ್ಸ್‌ಗೆ ತುಂಬಬೇಡಿ. ಹಿಂದೆ, ಮೇಲೆ ಭಾರ ಜಾಸ್ತಿಯಾದರೆ ಮುಂದಿನ ಚಕ್ರ ಹಗುರಾಗಿ ಹೇರ್‌ಪಿನ್ ತಿರುವಲ್ಲಿ ಹಿಡಿತ ಸಿಗುವುದಿಲ್ಲ. ಟೂಲ್ಸ್, ಪಂಕ್ಚರ್ ಕಿಟ್ ಎಲ್ಲ ಪಕ್ಕದ ಬ್ಯಾಗಿನ ತಳಕ್ಕೆ ಹೋಗಲಿ. ಮೇಲಿನ ಬಾಕ್ಸ್‌ಗೆ ರೇನ್‌ಕೋಟ್ ಸಾಕು. ಆಗುಂಬೆಯಲ್ಲಿ ಅದು ಯಾವಾಗ ಬೇಕಾಗುತ್ತದೋ ಹೇಳಲಾಗದು.