ಹಾರ್ಪರ್ಸ್ ಮೂರನೇ ಸಂಪುಟಕ್ಕೆ ಎಷ್ಟು ಬೆಲೆ?

ನ್ಯೂಜೆರ್ಸಿಯಲ್ಲಿರುವ ನಮ್ಮ ಓದುಗರೊಬ್ಬರ ಪತ್ರದ ಸಾರ ಇಷ್ಟು. ಅವರ ಊರಿನ ಲೈಬ್ರರಿಯವರು ಹಳೇ ಪುಸ್ತಕ ಮಾರುತ್ತಿದ್ದರಂತೆ. ಅಲ್ಲಿ 'ಹಾರ್ಪರ್ಸ್ ನ್ಯೂ ಮಂತ್ಲಿ ಮ್ಯಾಗಜೀನ್'ನ ಮೂರನೇ ಸಂಪುಟ ಕೆಲವೇ ಡಾಲರಿಗೆ ಸಿಕ್ಕಿದೆ. 1851ರ ಜೂನ್‌ನಿಂದ ನವೆಂಬರ್‌ವರೆಗಿನ ಆರು ಸಂಚಿಕೆ, ಒಂದೇ ರಟ್ಟಿನೊಳಗೆ. "170 ವರ್ಷ ದಾಟಿದ ಪತ್ರಿಕೆಗೆ ಬೆಲೆ ಇರಲೇಬೇಕಲ್ವಾ? ಹಳೇ ಪುಸ್ತಕದ ವ್ಯಾಪಾರಿಯೊಬ್ಬರು ತೆರೆದೂ ನೋಡದೆ ವಾಪಸ್ ಕೊಟ್ಟರು. ಇಂಥವನ್ನು ಕೂಡಿಡುವ ಆಸೆ ಹತ್ತಿದೆ, ಎಲ್ಲಿಂದ ಶುರು ಮಾಡಲಿ? ಎಲ್ಲವೂ ಸ್ಕ್ಯಾನ್ ಆಗಿ ಕೂತಿರುವಾಗ ಕಾಗದ ಕೂಡಿಡುವುದರಲ್ಲಿ ಅರ್ಥವಿದೆಯಾ? ನಿವೃತ್ತಿಯಾದ ಮೇಲೆ ತೀರ್ಥಹಳ್ಳಿಗೆ ಹೊತ್ತು ತರಬಹುದಾ?" ಎಂದು ಕೇಳಿದ್ದಾರೆ.

ವ್ಯಾಪಾರಿಯ ಮೇಲೆ ಬೇಜಾರು ಬೇಡ. ಅವರು ಬೆನ್ನುರಟ್ಟು ನೋಡಿಯೇ ಲೆಕ್ಕ ಹಾಕಿದ್ದಾರೆ. ಹಾರ್ಪರ್ಸ್ 1850ರ ಜೂನ್‌ನಲ್ಲಿ ನ್ಯೂಯಾರ್ಕಿನಲ್ಲಿ ಶುರುವಾದಾಗ ಅಚ್ಚಾಗಿದ್ದು 7,500 ಪ್ರತಿ. ಆರು ತಿಂಗಳಲ್ಲಿ ಅದು 50,000 ತಲುಪಿತು. ಪ್ರಕಾಶಕರೇ ರಟ್ಟು ಮಾಡಿಸಿ ಮಾರುತ್ತಿದ್ದರು. ಜನ ಆರು ತಿಂಗಳ ಸಂಚಿಕೆಗಳನ್ನು ಬೈಂಡ್ ಮಾಡಿಸಿ ಮನೆಯ ಕಪಾಟಿನಲ್ಲಿ ಇಡುತ್ತಿದ್ದರು. ದಪ್ಪ ರಟ್ಟಿನೊಳಗೆ ಭದ್ರವಾಗಿದ್ದ ಆ ಸಂಪುಟಗಳು ಹಾಗೇ ಉಳಿದುಕೊಂಡವು. ಅಷ್ಟೊಂದು ಉಳಿದಿರುವಾಗ ಬೆಲೆ ಎಲ್ಲಿಂದ ಬರಬೇಕು?

ಹಾಗಂತ ಅದನ್ನು ಬದಿಗಿಡಬೇಡಿ. ಅಕ್ಟೋಬರ್ ಸಂಚಿಕೆಗೆ ಹೋಗಿ, 658ನೇ ಪುಟ ತೆರೆಯಿರಿ. 'ದ ಟೌನ್-ಹೋಸ್ ಸ್ಟೋರಿ' ಎಂಬ ಕಥೆ ಇರುತ್ತದೆ. ಅದು ಹರ್ಮನ್ ಮೆಲ್ವಿಲ್‌ನ 'ಮೋಬಿ-ಡಿಕ್' ಕಾದಂಬರಿಯ ಒಂದು ಅಧ್ಯಾಯ. ಪುಸ್ತಕ ನ್ಯೂಯಾರ್ಕಿನಲ್ಲಿ ಹೊರಬಂದಿದ್ದು ನವೆಂಬರ್‌ನಲ್ಲಿ. ಅಂದರೆ ಅಮೆರಿಕದ ಓದುಗರು ಆ ಕಾದಂಬರಿಯ ಬಿಳಿ ತಿಮಿಂಗಿಲವನ್ನು ಮೊದಲು ಕಂಡಿದ್ದು ನಿಮ್ಮ ಕೈಯಲ್ಲಿರುವ ಆ ಪುಟಗಳಲ್ಲೇ. ಇಷ್ಟಾಗಿಯೂ ಆ ಸಂಪುಟ ದುಬಾರಿಯಲ್ಲ. ಸಾಹಿತ್ಯದಲ್ಲಿ ದೊಡ್ಡದಾಗಿರುವುದಕ್ಕೂ ಮಾರುಕಟ್ಟೆಯಲ್ಲಿ ಅಪರೂಪವಾಗಿರುವುದಕ್ಕೂ ಸಂಬಂಧ ಅಷ್ಟಕ್ಕಷ್ಟೇ. ಕಡಿಮೆ ದುಡ್ಡಿನವರಿಗೆ ಇದಕ್ಕಿಂತ ಖುಷಿಯ ವಿಷಯ ಇನ್ನೊಂದಿಲ್ಲ!

ಅದೇ ಸಂಪುಟದಲ್ಲಿ ಇಂಗ್ಲೆಂಡಿನ ಕಾದಂಬರಿಕಾರ ಬುಲ್ವರ್-ಲಿಟನ್‌ನ ಧಾರಾವಾಹಿಯೂ ಸಿಗುತ್ತದೆ. ಹಾರ್ಪರ್ಸ್ ಹೊಟ್ಟೆ ತುಂಬಿಸಿಕೊಂಡಿದ್ದೇ ಇಂಗ್ಲೆಂಡಿನ ಬರಹಗಳಿಂದ. ವಿದೇಶಿ ಲೇಖಕರಿಗೆ ಅಮೆರಿಕದಲ್ಲಿ ಕಾಪಿರೈಟ್ ಸಿಕ್ಕಿದ್ದು 1891ರಲ್ಲಿ. ಅಲ್ಲಿಯವರೆಗೆ ಪುಕ್ಕಟೆ ಎತ್ತಿಕೊಂಡರೂ ಕಾನೂನು ಕೇಳುತ್ತಿರಲಿಲ್ಲ. ಸ್ವಂತ ದೇಶದ ಲೇಖಕರಿಗೆ ದುಡ್ಡು ಕೊಟ್ಟು ಬರೆಸಲು ಹೋದ ಪತ್ರಿಕೆಗಳೇ ಇಂಥ ಪೈಪೋಟಿಯಲ್ಲಿ ಏದುಸಿರು ಬಿಟ್ಟವು.

ಕೂಡಿಡುವವರು ಹುಡುಕುವುದು ಸೋತು ನಿಂತ ಪತ್ರಿಕೆಗಳನ್ನು. ನನಗೆ ಬಹಳ ಇಷ್ಟವಾದದ್ದು 'ದ ಪಯೊನೀರ್'. 1843ರ ಜನವರಿಯಲ್ಲಿ ಬಾಸ್ಟನ್‌ನಲ್ಲಿ ಕವಿ ಜೇಮ್ಸ್ ರಸೆಲ್ ಲೋವೆಲ್ ಗೆಳೆಯನೊಬ್ಬನ ಜೊತೆ ಸೇರಿ ಅದನ್ನು ಶುರು ಮಾಡಿದ. ಆಗಿನ್ನೂ ಅವನಿಗೆ 23 ವರ್ಷ. ಮೊದಲ ಸಂಚಿಕೆಯಲ್ಲೇ ಎಡ್ಗರ್ ಅಲನ್ ಪೋ ಬರೆದ 'ದ ಟೆಲ್-ಟೇಲ್ ಹಾರ್ಟ್' ಕಥೆ ಬಂತು. ಮಾರ್ಚ್‌ನಲ್ಲಿ ಹಾಥಾರ್ನ್‌ನ 'ದ ಬರ್ತ್-ಮಾರ್ಕ್'. ಅಷ್ಟರಲ್ಲಿ ಲೋವೆಲ್‌ಗೆ ಕಣ್ಣಿನ ಕಾಯಿಲೆ ಬಂದು, ಚಿಕಿತ್ಸೆಗೆ ನ್ಯೂಯಾರ್ಕಿಗೆ ಹೋಗಬೇಕಾಯಿತು. ಸಾಲ ಮೇಲೆ ಬಿತ್ತು. ಮೂರೇ ಸಂಚಿಕೆಗೆ ಪತ್ರಿಕೆ ನಿಂತಿತು. ಪೋಗೆ ಕೊಡಬೇಕಾದ ಹಣವೂ ಬಾಕಿ ಇತ್ತು. ಸ್ವತಃ ಬಡತನದಲ್ಲಿದ್ದ ಪೋ, ಆ ಕೆಲವು ಡಾಲರಿನ ಬಗ್ಗೆ ತಲೆ ಕೆಡಿಸಿಕೊಳ್ಳಬೇಡ ಎಂಬ ಅರ್ಥದಲ್ಲಿ ಅವನಿಗೆ ಪತ್ರ ಬರೆದ. ಲೇಖಕರಿಗೆ ಗೌರವಧನ ಕಳಿಸುವುದು ತಡವಾದಾಗಲೆಲ್ಲ ನನಗೆ ಈ ಪತ್ರ ನೆನಪಾಗುತ್ತದೆ. ನಮ್ಮ ಲೇಖಕರಿಗೆ ಇದನ್ನು ಹೇಳಿಬಿಡಬೇಡಿ!

ಎರಡನೆಯದು 'ದ ಡಯಲ್'. 1840ರ ಜುಲೈಯಿಂದ 1844ರ ಏಪ್ರಿಲ್‌ವರೆಗೆ, ಮೂರು ತಿಂಗಳಿಗೊಂದರಂತೆ 16 ಸಂಚಿಕೆ. ಮೊದಲ ಎರಡು ವರ್ಷ ಮಾರ್ಗರೆಟ್ ಫುಲ್ಲರ್ ಸಂಪಾದಕಿ. ಆಕೆಗೆ ಒಪ್ಪಿಕೊಂಡಿದ್ದ ಸಂಬಳ ಕೈಗೆ ಬರಲೇ ಇಲ್ಲ. ಆಮೇಲೆ ಚಿಂತಕ, ಕವಿ ಎಮರ್ಸನ್ ಹೊಣೆ ಹೊತ್ತ. ಚಂದಾದಾರರು 300 ದಾಟಲಿಲ್ಲ. ನಮ್ಮವರು ಇದನ್ನು ಹುಡುಕುವುದಕ್ಕೆ ಇನ್ನೊಂದು ಕಾರಣವೂ ಇದೆ. ಬೇರೆ ಬೇರೆ ನಾಡುಗಳ ಹಳೆಯ ಗ್ರಂಥಗಳಿಂದ ಆಯ್ದ ಭಾಗಗಳನ್ನು ಅದರಲ್ಲಿ ಅಚ್ಚು ಹಾಕುತ್ತಿದ್ದರು. 1842ರ ಜುಲೈ ಸಂಚಿಕೆಯಲ್ಲಿ ವಿಷ್ಣುಶರ್ಮನ ಹೆಸರಿನಲ್ಲಿ ಹಿತೋಪದೇಶದ ಮಾತುಗಳಿವೆ. 1843ರ ಜನವರಿಯಲ್ಲಿ ಎಮರ್ಸನ್ನನ ಗೆಳೆಯ, ಲೇಖಕ ಥೋರೋ ಆರಿಸಿದ ಮನುಸ್ಮೃತಿಯ ಸಾಲುಗಳು, 1844ರ ಜನವರಿಯಲ್ಲಿ ಬುದ್ಧನ ಉಪದೇಶ. ಡಯಲ್ ಕೊಳ್ಳುವಾಗ ಒಂದು ಎಚ್ಚರ ಬೇಕು. 20ನೇ ಶತಮಾನದ ಶುರುವಿನಲ್ಲಿ ಕ್ಲೀವ್‌ಲ್ಯಾಂಡಿನ ರೋಫಂಟ್ ಕ್ಲಬ್ ಅದನ್ನು ಮರುಮುದ್ರಣ ಮಾಡಿತ್ತು. ಆ ಪ್ರತಿಗಳೂ ಈಗ ಹಳೆಯದಾಗಿಯೇ ಕಾಣುತ್ತವೆ.

ಇನ್ನು 'ಈಸ್ತೆಟಿಕ್ ಪೇಪರ್ಸ್'. ಎಲಿಜಬೆತ್ ಪೀಬಾಡಿ 1849ರಲ್ಲಿ ತಂದ ಪತ್ರಿಕೆ. ಬಂದಿದ್ದು ಒಂದೇ ಸಂಚಿಕೆ. ಆ ಒಂದರಲ್ಲೇ ಥೋರೋ ಬರೆದ 'ರೆಸಿಸ್ಟೆನ್ಸ್ ಟು ಸಿವಿಲ್ ಗವರ್ನಮೆಂಟ್' ಇದೆ. ಮುಂದೆ 'ಸಿವಿಲ್ ಡಿಸ್ಒಬೀಡಿಯನ್ಸ್' (ಕಾನೂನುಭಂಗ) ಎಂದು ಹೆಸರಾದ ಬರಹ ಅದೇ. 1907ರಲ್ಲಿ ಗಾಂಧೀಜಿ ದಕ್ಷಿಣ ಆಫ್ರಿಕಾದಲ್ಲಿ ತಮ್ಮ 'ಇಂಡಿಯನ್ ಒಪಿನಿಯನ್' ಪತ್ರಿಕೆಯ ಓದುಗರಿಗೆ ಅದನ್ನು ಪರಿಚಯಿಸಿದರು. ಈ ಪತ್ರಿಕೆ ನಿಮಗೆ ಲೈಬ್ರರಿ ಮಾರಾಟದಲ್ಲಿ ಸಿಗುವುದು ಕನಸಿನ ಮಾತು. ಆದರೂ ಹೆಸರು ಗೊತ್ತಿರಲಿ.

ಈಗ ಸ್ಕ್ಯಾನ್ ಪ್ರಶ್ನೆ. ಓದಲಿಕ್ಕಷ್ಟೇ ಆದರೆ ಸ್ಕ್ಯಾನ್ ಧಾರಾಳ ಸಾಕು. ಕಾರ್ನೆಲ್ ಮತ್ತು ಮಿಶಿಗನ್ ವಿಶ್ವವಿದ್ಯಾಲಯಗಳು 'ಮೇಕಿಂಗ್ ಆಫ್ ಅಮೆರಿಕ' ಯೋಜನೆಯಲ್ಲಿ ಹಳೆಯ ಪತ್ರಿಕೆಗಳನ್ನು ಸ್ಕ್ಯಾನ್ ಮಾಡಿವೆ. ಆದರೆ ಇಂಥ ಸ್ಕ್ಯಾನ್‌ಗಳೆಲ್ಲ ಹೆಚ್ಚಾಗಿ ಲೈಬ್ರರಿಯ ಬೈಂಡ್ ಪ್ರತಿಗಳಿಂದ ಆದಂಥವು. ಆಗಿನ ಬೈಂಡರ್ ಏನು ಮಾಡುತ್ತಿದ್ದ ಗೊತ್ತಾ? ಪ್ರತಿ ಸಂಚಿಕೆಯ ಹೊರಗಿನ ತೆಳು ಕಾಗದದ ಹೊದಿಕೆ ಕಿತ್ತು ಬಿಸಾಡುತ್ತಿದ್ದ. ಹಿಂದುಮುಂದಿನ ಜಾಹೀರಾತು ಪುಟಗಳನ್ನೂ ತೆಗೆಯುತ್ತಿದ್ದ. ಮೂರು ಕಡೆ ಅಂಚು ಕತ್ತರಿಸಿ ಸಮ ಮಾಡುತ್ತಿದ್ದ. ಬಿಡಿ ಸಂಚಿಕೆಗೆ ಬೆಲೆ ಎಷ್ಟಿತ್ತು, ಯಾವ ಊರಿನಲ್ಲಿ ಯಾರು ಮಾರುತ್ತಿದ್ದರು, ಯಾವ ಔಷಧಿ, ಯಾವ ಪಿಯಾನೊ, ಯಾವ ಹೊಸ ಪುಸ್ತಕದ ಜಾಹೀರಾತು ಇತ್ತು ಎಂಬುದೆಲ್ಲ ಆ ಕಸದ ಜೊತೆ ಹೋಯಿತು. ನಿಮ್ಮ ಸಂಪುಟದಲ್ಲೂ ಹೋಗಿರುತ್ತದೆ, ನೋಡಿ. ಹಾಗಾಗಿ ಕಪಾಟಿನಲ್ಲಿ ಚೆಂದ ಕಾಣುವ ಚರ್ಮದ ಬೆನ್ನಿನ ಸಂಪುಟಕ್ಕಿಂತ, ಅಂಚು ಹರಿದ ಹೊದಿಕೆಯಿರುವ ಬಿಡಿ ಸಂಚಿಕೆಗೆ ಸಾಮಾನ್ಯವಾಗಿ ಜಾಸ್ತಿ ಬೆಲೆ. ಅಂದಿನ ಓದುಗ ಕೈಗೆ ತೆಗೆದುಕೊಂಡಿದ್ದು ಆ ಬಿಡಿ ಸಂಚಿಕೆಯನ್ನೇ. ನನ್ನ ಪ್ರಕಾರ ಕೂಡಿಡುವುದಕ್ಕೆ ಇಷ್ಟು ಕಾರಣ ಸಾಕು.

ಚಿತ್ರ ಕೀಳುವವರ ಬಗ್ಗೆಯೂ ಹೇಳಬೇಕು. ಫಿಲಡೆಲ್ಫಿಯದ ಹೆಂಗಸರ ಪತ್ರಿಕೆ 'ಗೋಡೀಸ್ ಲೇಡೀಸ್ ಬುಕ್'ನಲ್ಲಿ ಕೈಯಿಂದ ಬಣ್ಣ ಹಚ್ಚಿದ ಫ್ಯಾಷನ್ ಚಿತ್ರಗಳಿರುತ್ತಿದ್ದವು. ಅವುಗಳನ್ನು ಕಿತ್ತು, ಚೌಕಟ್ಟು ಹಾಕಿಸಿ ಮಾರುವುದು ಇಂದಿಗೂ ನಡೆಯುತ್ತದೆ. ಕಿತ್ತು ಉಳಿದ ಸಂಪುಟ ಅಗ್ಗವಾಗಿ ಬರುತ್ತದೆ. 1846ರ ನವೆಂಬರ್ ಸಂಚಿಕೆಯಲ್ಲಿ ಪೋ ಬರೆದ 'ದ ಕ್ಯಾಸ್ಕ್ ಆಫ್ ಅಮೊಂಟಿಯಾಡೊ' ಇದೆಯೆಂದು ಆಸೆಯಿಂದ ಕೊಂಡರೆ ಚಿತ್ರಗಳೇ ಇರುವುದಿಲ್ಲ. ದಯವಿಟ್ಟು ನೀವು ಆ ಕೆಲಸಕ್ಕೆ ಇಳಿಯಬೇಡಿ. ನನಗೆ ಅದು ಕಟುಕತನ ಅನ್ನಿಸುತ್ತದೆ.

ಹುಡುಕುವಾಗ ಲೇಖಕರ ಹೆಸರನ್ನೇ ನಂಬಿ ಕೂರುವ ಹಾಗಿಲ್ಲ. ಮೆಲ್ವಿಲ್‌ನ 'ಬಾರ್ಟಲ್‌ಬಿ' 1853ರ ನವೆಂಬರ್, ಡಿಸೆಂಬರ್ ತಿಂಗಳ 'ಪಟ್ನಮ್ಸ್ ಮಂತ್ಲಿ'ಯಲ್ಲಿ ಹೆಸರಿಲ್ಲದೆ ಬಂತು. ಪೋನ 'ದ ರೇವನ್' 1845ರ ಫೆಬ್ರವರಿಯ 'ಅಮೆರಿಕನ್ ರಿವ್ಯೂ'ನಲ್ಲಿ ಬಂದಾಗ ಕೆಳಗಿದ್ದ ಹೆಸರು 'ಕ್ವಾರ್ಲ್ಸ್'. ಹೆಸರಿಲ್ಲದ ಪುಟಗಳನ್ನು ಗುರುತು ಹಿಡಿಯಲು ಫ್ರಾಂಕ್ ಲೂಥರ್ ಮಾಟ್ ಬರೆದ ಅಮೆರಿಕನ್ ಪತ್ರಿಕೆಗಳ ಇತಿಹಾಸದಿಂದ ಶುರು ಮಾಡಿ. ಐದು ಸಂಪುಟ, ಲೈಬ್ರರಿಯಲ್ಲಿ ಸಿಗುತ್ತದೆ. ಎಂದಾದರೂ ಮ್ಯಾಸಚೂಸೆಟ್ಸ್ ಕಡೆ ಹೋದರೆ ವೂಸ್ಟರ್‌ನ ಅಮೆರಿಕನ್ ಆಂಟಿಕ್ವೇರಿಯನ್ ಸೊಸೈಟಿ ತಪ್ಪಿಸಬೇಡಿ. 1812ರಲ್ಲಿ ಶುರುವಾದ ಆ ಸಂಸ್ಥೆಯಲ್ಲಿ ಹಳೆಯ ಪತ್ರಿಕೆಗಳ ದೊಡ್ಡ ಸಂಗ್ರಹವಿದೆ.

ನಿಮ್ಮ ಜೇಬಿಗೆ ಹೊಂದುವ ಶುರು ಯಾವುದು? ನಾನಾಗಿದ್ದರೆ 1860-70ರ ದಶಕದ 'ಅಟ್ಲಾಂಟಿಕ್ ಮಂತ್ಲಿ'ಯ ಬಿಡಿ ಸಂಚಿಕೆಗಳನ್ನು, ಹೊದಿಕೆ ಇರುವಂಥವನ್ನು ನೋಡುತ್ತಿದ್ದೆ. ಎಮರ್ಸನ್‌ನ 'ಬ್ರಹ್ಮ' ಕವಿತೆ ಇರುವ 1857ರ ನವೆಂಬರ್‌ನ ಮೊದಲ ಸಂಚಿಕೆ ಆಮೇಲೆ ನೋಡಿದರಾಯಿತು. ಅಂದ ಹಾಗೆ, ಅದರ ಮೊದಲ ಸಂಪಾದಕ ಪಯೊನೀರ್ ಮುಳುಗಿಸಿಕೊಂಡಿದ್ದ ಅದೇ ಲೋವೆಲ್! ಇಲ್ಲವೇ 1890ರ ದಶಕದ ಪುಟಾಣಿ ಪತ್ರಿಕೆಗಳಿವೆ. ಶಿಕಾಗೋದ 'ದ ಚಾಪ್-ಬುಕ್', ಸ್ಯಾನ್ ಫ್ರಾನ್ಸಿಸ್ಕೋದ 'ದ ಲಾರ್ಕ್'. ಲಾರ್ಕ್ ಅಚ್ಚಾಗಿದ್ದು ಬಿದಿರಿನ ಕಾಗದದ ಮೇಲೆ.

ತೀರ್ಥಹಳ್ಳಿಗೆ ತರುವ ವಿಷಯ ಸ್ವಲ್ಪ ಕಷ್ಟ. 1840ರ ದಶಕದ ಕಾಗದ ಚಿಂದಿ ಬಟ್ಟೆಯಿಂದ ಮಾಡಿದ್ದು. ಕಂದು ಚುಕ್ಕೆ ಬಂದರೂ ಗಟ್ಟಿ. ಶತಮಾನದ ಕೊನೆಯ ಅಗ್ಗದ ಪತ್ರಿಕೆಗಳು ಮರದ ತಿರುಳಿನವು. ಮಡಿಸಿದರೆ ಮುರಿಯುತ್ತವೆ. ಎರಡಕ್ಕೂ ಮಲೆನಾಡಿನ ಮಳೆಗಾಲ ಆಗುವುದಿಲ್ಲ. ಬೂಷ್ಟು ಹಿಡಿಯುತ್ತದೆ, ಬೆಳ್ಳಿಹುಳು ಬರುತ್ತದೆ. ತೇವ ಹೀರುವ ಯಂತ್ರವಿರುವ ಕೋಣೆ ಮಾಡಿಸುವುದಾದರೆ ತನ್ನಿ. ಆಮ್ಲವಿಲ್ಲದ ಪೆಟ್ಟಿಗೆಯಲ್ಲಿ ಅಡ್ಡ ಮಲಗಿಸಿ ಇಡಿ. ಹರಿದಲ್ಲಿ ಸೆಲ್ಲೋಟೇಪ್ ಮಾತ್ರ ಅಂಟಿಸಬೇಡಿ.

ಮುಂದಿನ ಸಲ ದುಡ್ಡು ಕಳಿಸುವ ಮೊದಲು ಮಾರುವವರನ್ನು ಕೇಳಿ: ಹೊದಿಕೆ ಇದೆಯೇ, ಚಿತ್ರಗಳೆಲ್ಲ ಇವೆಯೇ, ಲೈಬ್ರರಿ ಮುದ್ರೆ ಎಲ್ಲೆಲ್ಲಿ ಬಿದ್ದಿದೆ, ಹೇಳಿದಂತಿಲ್ಲದಿದ್ದರೆ ವಾಪಸ್ ತಗೊಳ್ತೀರಾ? ಉತ್ತರ ಹಾರಿಕೆಯದಾದರೆ ಸುಮ್ನೆ ಬಿಟ್ಟುಬಿಡಿ.

— ಸಂ.