ಬೋರ್ಡಿನ ಮುಂದೆ ಮುಚ್ಚಿಡಬೇಡಿ

ಸಂಪಾದಕರ ಉತ್ತರ

ತೀರ್ಥಹಳ್ಳಿ ತಾಲ್ಲೂಕಿನ ಓದುಗರೊಬ್ಬರು ತಮ್ಮನ ವಿಷಯವಾಗಿ ಉದ್ದದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕಿಲ್ಲ. ಪತ್ರದ ಸಾರ ಇಷ್ಟು. ತಮ್ಮನಿಗೆ ನಡೆಯಲು ಕಲಿಯುವ ವಯಸ್ಸಿನಲ್ಲೇ ಪೋಲಿಯೋ ಬಂತು. ಬಲಗಾಲು ಸೊರಗಿದೆ, ಗಿಡ್ಡವಾಗಿದೆ. ಈಗ ವಯಸ್ಸು ನಲವತ್ತು ದಾಟಿದೆ. ಬಸ್‌ಸ್ಟ್ಯಾಂಡ್ ಪಕ್ಕ ಟೈಲರ್ ಅಂಗಡಿ ಇಟ್ಟಿದ್ದಾರೆ, ಮೆಷಿನ್ನಿಗೆ ಮೋಟರ್ ಕೂರಿಸಿಕೊಂಡಿದ್ದಾರೆ. ಹಿಂದೆ ಯಾವುದೋ ಕ್ಯಾಂಪಿನಲ್ಲಿ ಕೊಟ್ಟ ಶೇ 45ರ ಅಂಗವೈಕಲ್ಯದ ಸರ್ಟಿಫಿಕೇಟ್ ಮೇಲೆ ಮಾಸಾಶನ ಬರುತ್ತಿದೆ. ಯುಡಿಐಡಿ ಕಾರ್ಡಿಗೆ, ಅಂದರೆ ಅಂಗವಿಕಲರ ಗುರುತಿನ ಚೀಟಿಗೆ, ಅರ್ಜಿ ಹಾಕಿದ್ದಕ್ಕೆ ಈಗ ಜಿಲ್ಲಾ ಆಸ್ಪತ್ರೆಯ ಬೋರ್ಡಿಗೆ (ಅಂಗವೈಕಲ್ಯ ಎಷ್ಟು ಅಂತ ನೋಡುವ ಡಾಕ್ಟರುಗಳ ತಂಡ) ಬಂದು ತೋರಿಸಿ ಎಂದು ಕರೆ ಬಂದಿದೆ. ಅಕ್ಕನ ಭಯ: "ಪರ್ಸೆಂಟೇಜ್ 40ಕ್ಕಿಂತ ಕೆಳಗೆ ಇಳಿಸಿ ಮಾಸಾಶನ ನಿಂತುಬಿಟ್ಟರೆ? ಅಕ್ಕಪಕ್ಕದವರು ಅಲ್ಲಿ ನಡೀಲೇಬೇಡ, ಕುಸಿದು ಕೂತುಬಿಡು ಅಂತ ಹೇಳಿಕೊಡ್ತಿದ್ದಾರೆ. ತಮ್ಮ ನಾನು ನಾಟಕ ಆಡಲ್ಲ, ಹೋಗೋದೂ ಇಲ್ಲ ಅಂತ ಕೂತಿದ್ದಾನೆ. ಒಬ್ಬ ಏಜೆಂಟ್ ದುಡ್ಡು ಕೊಟ್ಟರೆ 75 ಮಾಡಿಸಿಕೊಡ್ತೀನಿ ಅಂತಿದ್ದಾನೆ. ನಾವು ಹೇಗೆ ತಯಾರಿ ಮಾಡ್ಕೊಳ್ಳೋದು?"

ಪ್ರಿಯ ಸಹೋದರಿ,

ನಾಟಕ ಆಡಲ್ಲ ಅನ್ನುವ ನಿಮ್ಮ ತಮ್ಮನ ಮಾತು ನನಗೆ ಹಿಡಿಸಿತು. ಆ ಹಟ ಬಿಡಿಸಬೇಡಿ. ಆದರೆ ಅವರು ಆಗಲೇ ಒಂದು ನಾಟಕ ಆಡುತ್ತಿದ್ದಾರೆ, ಚಿಕ್ಕಂದಿನಿಂದಲೂ. "ನನಗೇನೂ ತೊಂದರೆ ಇಲ್ಲ" ಅನ್ನುವ ನಾಟಕ. ನಿಮ್ಮ ಪತ್ರದಲ್ಲೇ ಒಂದು ಸಾಲು ಇದೆ: "ಯಾವಾಗಲೂ ಬಲಗೈ ಪ್ಯಾಂಟ್ ಜೇಬಲ್ಲಿ ಇಟ್ಕೊಂಡೇ ನಡೀತಾನೆ, ನೋಡಿದವರು ಸ್ಟೈಲು ಅಂದ್ಕೋತಾರೆ." ಪೋಲಿಯೋದಿಂದ ತೊಡೆಯ ಮುಂಭಾಗದ ಸ್ನಾಯು ಸೋತವರು ಹಾಗೆ ನಡೆಯುತ್ತಾರೆ. ಹೆಜ್ಜೆ ಊರುವಾಗ ಮಂಡಿ ಮಡಚಿಕೊಂಡು ಬೀಳದ ಹಾಗೆ ಕೈಯಿಂದ ತೊಡೆಯನ್ನು ಹಿಂದಕ್ಕೆ ಒತ್ತಿ ಹಿಡಿಯುತ್ತಾರೆ. ಜೇಬೊಳಗಿಂದ ಒತ್ತಿದರೆ ಯಾರಿಗೂ ಕಾಣುವುದಿಲ್ಲ ಅಲ್ವಾ? ಊರಿನ ಕಣ್ಣು ತಪ್ಪಿಸಲು ಕಲಿತ ಈ ಜಾಣತನ ಬೋರ್ಡಿನ ಮುಂದೆ ಕೈಕೊಡುತ್ತದೆ. ಅನುಭವಿ ಡಾಕ್ಟರ್ ಆದರೆ ಪತ್ತೆ ಹಚ್ಚಿಯಾರು. ಹೊರಗೆ ಕಾರಿಡಾರ್ ತುಂಬ ಜನ ಕಾದಿರುವ ದಿನ ಒಬ್ಬೊಬ್ಬರಿಗೆ ಸಿಗುವುದು ಕೆಲವೇ ನಿಮಿಷ. ಆ ಕೆಲವು ನಿಮಿಷದಲ್ಲಿ ಕೈ ಜೇಬಿನಿಂದ ಹೊರಗಿರಲಿ. ನಾನು ಹೇಳುವ ತಯಾರಿಯ ಮುಕ್ಕಾಲು ಪಾಲು ಇಷ್ಟೇ.

ಒಳಗೆ ಏನು ನಡೆಯುತ್ತದೆ ಅಂತ ಮೊದಲೇ ಗೊತ್ತಿದ್ದರೆ ಅರ್ಧ ಭಯ ಹೋಗುತ್ತದೆ. ಪರ್ಸೆಂಟೇಜ್ ಡಾಕ್ಟರ್ ಮನಸ್ಸಿಗೆ ಬಂದದ್ದಲ್ಲ. ಅದಕ್ಕೆ ಕೇಂದ್ರ ಸರ್ಕಾರದ ಮಾರ್ಗಸೂಚಿ ಇದೆ. 2018ರಲ್ಲಿ ಬಂದದ್ದು, 2024ರಲ್ಲಿ ಪರಿಷ್ಕರಣೆ ಆಗಿದೆ. ಕಾಲಿನ ವಿಷಯದಲ್ಲಿ ಎರಡು ಭಾಗ ನೋಡುತ್ತಾರೆ. ಒಂದು, ಕಾಲು ಎಷ್ಟು ಆಡುತ್ತದೆ, ಎಷ್ಟು ಬಲ ಇದೆ. ಮಂಚದ ಮೇಲೆ ಮಲಗಿಸಿ ಸೊಂಟ, ಮಂಡಿ, ಪಾದದ ಕೀಲು ಮಡಚಿಸಿ ಅಳೆಯುತ್ತಾರೆ. "ನನ್ನ ಕೈ ತಳ್ಳಿ" ಅನ್ನುತ್ತಾರೆ. ಸ್ನಾಯುವಿನ ಬಲಕ್ಕೆ 0ಯಿಂದ 5ರವರೆಗೆ ಅಂಕ. 5 ಅಂದರೆ ಪೂರ್ತಿ ಬಲ, 0 ಅಂದರೆ ಅಲುಗಾಟವೇ ಇಲ್ಲ. ಸೊಂಟದ ಮೂಳೆಯಿಂದ ಹರಡಿನ ಮೂಳೆಯವರೆಗೆ ಟೇಪ್ ಹಿಡಿದು ಎರಡೂ ಕಾಲಿನ ಉದ್ದ ನೋಡುತ್ತಾರೆ. ಗಿಡ್ಡವಾಗಿರುವುದರಲ್ಲಿ ಮೊದಲ ಅರ್ಧ ಇಂಚಿಗೆ ಲೆಕ್ಕವಿಲ್ಲ. ಆಮೇಲಿನ ಪ್ರತಿ ಅರ್ಧ ಇಂಚಿಗೆ ಶೇ 4.

ಎರಡನೆಯ ಭಾಗದಲ್ಲೇ ಜನ ತಪ್ಪುವುದು. ಇಲ್ಲಿ ಒಂಬತ್ತು ಕೆಲಸ, ಒಂದೊಂದಕ್ಕೆ 10ರಂತೆ ಒಟ್ಟು 90. ಸಮತಟ್ಟಿನಲ್ಲಿ ನಡೆಯುವುದು, ಇಳಿಜಾರಿನಲ್ಲಿ ನಡೆಯುವುದು, ಮೆಟ್ಟಿಲು ಹತ್ತುವುದು, ಎರಡೂ ಕಾಲ ಮೇಲೆ ನಿಲ್ಲುವುದು, ಸೋತ ಕಾಲೊಂದರ ಮೇಲೇ ನಿಲ್ಲುವುದು, ಕುಕ್ಕರಗಾಲಲ್ಲಿ ಕೂರುವುದು, ಚಕ್ಕಳಮಕ್ಕಳ ಹಾಕಿ ಕೂರುವುದು, ಮಂಡಿಯೂರುವುದು, ತಿರುಗುವುದು. ಆಗದೆ ಇದ್ದದ್ದಕ್ಕೆ ಅಂಕ ಸೇರುತ್ತದೆ. ನಿಮ್ಮ ತಮ್ಮ ಕಂಬಿ ಗಟ್ಟಿಯಾಗಿ ಹಿಡಿದು, ಒಂದೊಂದೇ ಮೆಟ್ಟಿಲಿಗೆ ಎಡಗಾಲು ಇಟ್ಟು, ಬಲಗಾಲನ್ನು ಎಳೆದುಕೊಂಡು ಹತ್ತಿ, ಮೇಲೆ ನಿಂತು ನಗುತ್ತಾ "ಆಗತ್ತೆ ಸಾರ್" ಅಂದರೆ ಏನಾಗುತ್ತದೆ? ಹತ್ತಿದರು ಅಂತ ಬರೆದುಕೊಳ್ಳುತ್ತಾರೆ. ಬರೆಯುವವರದು ತಪ್ಪು ಅನ್ನಲಾಗದು. "ಕಂಬಿ ಇಲ್ಲದೆ ಆಗಲ್ಲ ಸಾರ್, ಬಸ್ಸಿನ ಮೊದಲ ಮೆಟ್ಟಿಲಿಗೆ ಯಾರಾದರೂ ಕೈ ಕೊಡಬೇಕು" ಅಂದರೆ ಅದು ಬೇರೆ ಮಾತು. ಎರಡೂ ನಿಜ. ಆದರೆ ಮೊದಲನೆಯದು ಅರ್ಧ ನಿಜ.

ಹಾಗಂತ ಈ ಅಂಕಗಳನ್ನು ಮನೆಯಲ್ಲಿ ಕೂಡಿಸಿ ನೋಡಲು ಹೋಗಬೇಡಿ. ಎರಡು ಭಾಗವನ್ನು ಸುಮ್ನೆ ಕೂಡುವುದಿಲ್ಲ, ಅದಕ್ಕೊಂದು ಸೂತ್ರ ಇದೆ. ಒಂದರಲ್ಲಿ 40, ಇನ್ನೊಂದರಲ್ಲಿ 30 ಬಂದರೆ 70 ಆಗದು, 57ರ ಹತ್ತಿರ ನಿಲ್ಲುತ್ತದೆ. "ನನಗೆ 13 ಕಡಿಮೆ ಕೊಟ್ಟರು" ಅಂತ ಜಗಳ ಆಡುವವರಲ್ಲಿ ಕೆಲವರ ಲೆಕ್ಕ ಇಲ್ಲೇ ತಪ್ಪಿರುತ್ತದೆ.

ಈಗ ಮನೆಯ ತಯಾರಿ. ಇಬ್ಬರೂ ಒಂದು ಸಂಜೆ ಕೂತು ಒಂದು ಹಾಳೆ ಬರೆಯಿರಿ. ರೋಗದ ಕತೆ ಬೇಡ, ಅದು ಕಡತದಲ್ಲಿದೆ. ದಿನದ ಕತೆ ಬೇಕು. ಬೆಳಿಗ್ಗೆ ಪಾಯಿಖಾನೆಗೆ ಹೇಗೆ ಕೂರುತ್ತಾರೆ? ನೆಲದ ಕಮೋಡಾ, ಏನಾದರೂ ಹಿಡಿದುಕೊಂಡೇ ಏಳಬೇಕಾ? ಬಚ್ಚಲಿನ ಮೆಟ್ಟಿಲು ಹೇಗೆ ಇಳಿಯುತ್ತಾರೆ? ಕೊಡ ಎತ್ತಿ ನಾಲ್ಕು ಹೆಜ್ಜೆ ಇಡಲು ಆಗುತ್ತಾ? ನಿಮ್ಮದು ಮಲೆನಾಡು. ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳದಲ್ಲಿ, ಸಂಕ ದಾಟುವಾಗ ಏನು ಮಾಡುತ್ತಾರೆ? ಕಳೆದ ಮಳೆಗಾಲದಲ್ಲಿ ಎಷ್ಟು ಸಲ ಬಿದ್ದರು? ಇದು ಅವರಿಗೆ ನೆನಪಿರಲಿಕ್ಕಿಲ್ಲ, ನಿಮಗೆ ಇರುತ್ತದೆ. ಇನ್ನೊಂದು ಪ್ರಶ್ನೆ ಬಿಡಲೇಬೇಡಿ: ಒಂದು ದಿನ ಜಾಸ್ತಿ ನಡೆದರೆ ಮರುದಿನ ಹೇಗಿರುತ್ತಾರೆ? ಒಮ್ಮೆ ಮಾಡಬಲ್ಲದ್ದು ಬೇರೆ, ದಿನಾ ಮಾಡಬಲ್ಲದ್ದು ಬೇರೆ. ಡಾಕ್ಟರ್ ಕಣ್ಣಿಗೆ ಕಾಣುವುದು ಆ ಒಮ್ಮೆ ಮಾತ್ರ.

"ಈಚೆಗೆ ಎಡಗಾಲೂ ಬೇಗ ಸೋಲುತ್ತೆ ಅಂತಾನೆ, ವಯಸ್ಸಾಯ್ತಲ್ಲ" ಅಂತ ನೀವು ಹಗುರಾಗಿ ಬರೆದಿದ್ದೀರಿ. ಅದನ್ನು ಹಗುರಾಗಿ ಬಿಡಬೇಡಿ. ಪೋಲಿಯೋ ಬಂದು ಎಷ್ಟೋ ದಶಕ ಆದ ಮೇಲೆ ಹೊಸದಾಗಿ ಬಲ ಕುಗ್ಗುವುದು, ಸುಸ್ತು, ಕೀಲುನೋವು ಶುರುವಾಗುವುದು ವೈದ್ಯರಿಗೆ ಗೊತ್ತಿರುವ ಸಂಗತಿ. ಅದಕ್ಕೆ ಪೋಸ್ಟ್ ಪೋಲಿಯೋ ಸಿಂಡ್ರೋಮ್ ಅನ್ನುತ್ತಾರೆ. ನಿಮ್ಮ ತಮ್ಮನಿಗೆ ಇರುವುದು ಅದೇ ಅಂತ ನಾನು ಇಲ್ಲಿ ಕೂತು ಹೇಳಲಾರೆ. ಬೋರ್ಡಿಗೆ ಹೋಗುವ ಮೊದಲೇ ಒಬ್ಬ ಮೂಳೆ ಡಾಕ್ಟರಿಗೋ ನರರೋಗದ ಡಾಕ್ಟರಿಗೋ ತೋರಿಸಿ, ಚೀಟಿಯಲ್ಲಿ ಬರೆಸಿಕೊಳ್ಳಿ. ಎಡಗಾಲಿನ ಮಾತು ಯಾವ ಕಾಗದದಲ್ಲೂ ಇಲ್ಲದಿದ್ದರೆ ಬೋರ್ಡು ಬಲಗಾಲನ್ನಷ್ಟೇ ನೋಡಿ ಕಳಿಸಬಹುದು.

ಕ್ಯಾಲಿಪರ್ (ಕಾಲಿಗೆ ಕಟ್ಟುವ ಆಸರೆ) ಬಿಚ್ಚಿ ಹೋಗಬೇಕಾ ಅಂತ ಕೇಳಿದ್ದೀರಿ. ದಿನಾ ಹೇಗೆ ಓಡಾಡುತ್ತಾರೋ ಹಾಗೇ ಹೋಗಲಿ. ಅಟ್ಟೆ ಎತ್ತರಿಸಿದ ಚಪ್ಪಲಿ ಇದ್ದರೆ ಅದೇ ಇರಲಿ, ಕೋಲು ಇದ್ದರೆ ಕೋಲೂ ಇರಲಿ. ದಿನಾ ಕೋಲು ಹಿಡಿಯದವರು ಅವತ್ತು ಮಾತ್ರ ಹಿಡಿಯುವುದು ಬೇಡ. ಒಳಗೆ ಬಿಚ್ಚಿ ಅಂದಾಗ ಬಿಚ್ಚಿದರಾಯಿತು. ಅದಕ್ಕೇ ಬಿಗಿ ಪ್ಯಾಂಟ್ ಬೇಡ. ಒಳಗೆ ಚಡ್ಡಿ ಹಾಕಿ ಮೇಲೆ ಪಂಚೆಯೋ ಲುಂಗಿಯೋ ಉಟ್ಟರೆ ಸರಾಗ. ಹಿಂದಿನ ದಿನವೇ ಶಿವಮೊಗ್ಗದಲ್ಲಿ ನೆಂಟರ ಮನೆಗೆ ಹೋಗಿ ಉಳಿಯುವುದಾದರೆ ಒಳ್ಳೆಯದು. ಆಸ್ಪತ್ರೆಯ ಪಾಯಿಖಾನೆಗೆ ಹೆದರಿ ಬೆಳಿಗ್ಗೆಯಿಂದ ನೀರೇ ಕುಡಿಯದೆ ಕೂರುವವರು ಬಹಳ. ಅದು ಬೇಡ. ಬೋರ್ಡು ಸಾಮಾನ್ಯವಾಗಿ ವಾರದ ಗೊತ್ತಾದ ದಿನಗಳಲ್ಲಿ ಮಾತ್ರ ಕೂರುತ್ತದೆ. ಮೂಳೆ ಡಾಕ್ಟರ್ ಅವತ್ತು ಇರುತ್ತಾರಾ ಅಂತ ಫೋನ್ ಮಾಡಿ ಕೇಳಿಯೇ ಹೊರಡಿ.

ಕೇಳುವುದು ಯಾರನ್ನು? ನಿಮ್ಮ ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯು ಅವರನ್ನು. ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಅಂತ ಪೂರ್ತಿ ಹೆಸರು. ಅವರಲ್ಲಿ ಬಹಳ ಜನ ಸ್ವತಃ ಅಂಗವಿಕಲರು, ಈ ದಾರಿಯಲ್ಲಿ ನಡೆದು ಬಂದವರು. ಏಜೆಂಟ್ ದುಡ್ಡು ಕೇಳಿ ಮಾಡುವ ಕೆಲಸದಲ್ಲಿ ನ್ಯಾಯವಾದದ್ದು ಏನಿದೆಯೋ ಅಷ್ಟನ್ನೂ ಇವರು ಪುಕ್ಕಟೆ ಮಾಡಿಕೊಡಬೇಕು.

ಕಾಗದಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಆಧಾರ್, ಅರ್ಜಿ ಹಾಕಿದ ಸ್ಲಿಪ್, ಹಳೇ ಸರ್ಟಿಫಿಕೇಟ್, ಎಕ್ಸ್‌ರೇ, ಹಳೇ ಚೀಟಿಗಳು. ಎಲ್ಲದರ ಜೆರಾಕ್ಸ್ ಕೊಡಿ, ಒರಿಜಿನಲ್ ತೋರಿಸಿ ವಾಪಸ್ ತನ್ನಿ. ಎಲ್ಲದರಲ್ಲೂ ಹೆಸರಿನ ಅಕ್ಷರ ಒಂದೇ ಥರ ಇದೆಯಾ ನೋಡಿ. ಫೋಟೋ ವಿಷಯದಲ್ಲಿ ಮಾತ್ರ ಸ್ವಲ್ಪ ನಿಲ್ಲುತ್ತೇನೆ. ಸ್ಟುಡಿಯೋದವರು ಈಗಲೂ ಕೆಲವು ಕಡೆ ಕಾಲು ಕಾಣುವ ಹಾಗೆ ಚಡ್ಡಿಯಲ್ಲಿ ನಿಲ್ಲಿಸಿ ಫೋಟೋ ತೆಗೆಯುತ್ತಾರೆ. "ಅಂಗವಿಕಲರ ಫೋಟೋ ಅಂದ್ರೆ ಹಂಗೇ" ಅನ್ನುತ್ತಾರೆ. ಅಂಗವಿಕಲರ ಹಕ್ಕುಗಳ 2017ರ ನಿಯಮಗಳ ಜೊತೆ ಬಂದ ಸರ್ಟಿಫಿಕೇಟಿನ ನಮೂನೆಯಲ್ಲಿ ಮುಖ ಮಾತ್ರ ಕಾಣುವ ಫೋಟೋ ಅಂತ ಸ್ಪಷ್ಟವಾಗಿ ಇದೆ. ಕಾಲು ತೋರಿಸಬೇಕಾದ್ದು ಡಾಕ್ಟರಿಗೆ, ಫೋಟೋಗ್ರಾಫರಿಗಲ್ಲ.

ನೀವೂ ಜೊತೆಗೆ ಹೋಗಿ. ಆದರೆ ಉತ್ತರ ಅವರೇ ಕೊಡಲಿ. ಅವರು ನುಂಗಿಕೊಂಡದ್ದನ್ನು ಮಾತ್ರ ನೀವು ಸೇರಿಸಿ. "ನಮ್ಮ ತಮ್ಮ ಯಾರಿಗೂ ಕಮ್ಮಿ ಇಲ್ಲ ಸಾರ್, ಎಲ್ಲಾ ಕೆಲಸ ಮಾಡ್ತಾನೆ" ಅನ್ನುವ ಅಭಿಮಾನದ ಮಾತು ಮದುವೆ ಮನೆಗೆ ಇಟ್ಟುಕೊಳ್ಳಿ. ಟೈಲರ್ ಅಂಗಡಿ ಇದೆ ಅನ್ನುವುದನ್ನು ಮುಚ್ಚಿಡುವುದೂ ಬೇಡ. ದುಡಿಯುವವರಿಗೆ ಕಾರ್ಡಿಲ್ಲ ಅಂತ ಎಲ್ಲೂ ಇಲ್ಲ. ಮೋಟರ್ ಯಾಕೆ ಹಾಕಿಸಿದಿರಿ ಅಂತ ಕೇಳಿದರೆ, ಕಾಲಲ್ಲಿ ಪೆಡಲ್ ತುಳಿಯಲು ಆಗದೆ ಹಾಕಿಸಿದೆ ಅಂತ ಹೇಳಲಿ. ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಾ?

ಏಜೆಂಟ್ ವಿಷಯ. 40ರಿಂದ 75ಕ್ಕೆ ಹೋದರೆ ಮಾಸಾಶನ ಜಾಸ್ತಿ ಆಗುವುದು ನಿಜ. ಆಸೆ ಹುಟ್ಟುವುದೂ ಸಹಜ. ನಿಮಗೆ ಬರುತ್ತಿರುವ ಕೆಳಗಿನ ಹಂತದ ಮಾಸಾಶನವನ್ನು 2021ರಲ್ಲಿ 600ರಿಂದ 800ಕ್ಕೆ ಏರಿಸಿದರು. ಆ ದುಡ್ಡಲ್ಲಿ ಏನು ಬರುತ್ತದೆ ಅಂತ ನಿಮಗೇ ಗೊತ್ತು, ಅದರ ಬಗ್ಗೆ ಬೇರೆಯೇ ಜಗಳ ಆಡಬೇಕು. ಆದರೆ ಸುಳ್ಳು ಸರ್ಟಿಫಿಕೇಟ್ ಮೇಲೆ ಸವಲತ್ತು ಪಡೆದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 91ನೇ ಸೆಕ್ಷನ್ ಪ್ರಕಾರ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಸಿಕ್ಕಿಬೀಳುವುದು ನಿಮ್ಮ ತಮ್ಮ. ಏಜೆಂಟ್ ಅಷ್ಟು ಹೊತ್ತಿಗೆ ನಂಬರ್ ಬದಲಾಯಿಸಿರುತ್ತಾನೆ.

ಸರ್ಟಿಫಿಕೇಟ್ ಬಂದ ಮೇಲೆ ಪರ್ಸೆಂಟೇಜ್ ಒಂದನ್ನೇ ನೋಡಿ ಮಡಚಿಡಬೇಡಿ. ಯಾವ ಕಾಲು ಅಂತ ಸರಿಯಾಗಿ ಬರೆದಿದ್ದಾರಾ? ಶಾಶ್ವತ ಅಂತ ಇದೆಯಾ, ತಾತ್ಕಾಲಿಕ ಅಂತ ಇದೆಯಾ? ಪೋಲಿಯೋ ಕಾಲು ಇನ್ನು ಸರಿಹೋಗುವುದಿಲ್ಲ. ತಾತ್ಕಾಲಿಕ ಅಂತ ಬರೆದಿದ್ದರೆ ಅಲ್ಲೇ ವಿನಯವಾಗಿ ಕೇಳಿ, ಇಲ್ಲದಿದ್ದರೆ ಅವಧಿ ಮುಗಿದಾಗ ಮತ್ತೆ ಇದೇ ಅಲೆದಾಟ. ಕಾರ್ಡಿನ ಬಣ್ಣದಲ್ಲೂ ಗೊತ್ತಾಗುತ್ತದೆ. 40ಕ್ಕಿಂತ ಕಡಿಮೆ ಇದ್ದರೆ ಬಿಳಿ, 40ರಿಂದ 80ರೊಳಗೆ ಹಳದಿ, 80 ಮತ್ತು ಮೇಲ್ಪಟ್ಟರೆ ನೀಲಿ ಪಟ್ಟಿ.

ನೀವು ಹೆದರಿದ ಹಾಗೆ 40ರ ಕೆಳಗೆ ಇಳಿದರೆ? ಅಲ್ಲಿಗೆ ಮುಗಿಯಲಿಲ್ಲ. ಅದೇ ಕಾಯ್ದೆಯ 59ನೇ ಸೆಕ್ಷನ್ ಮೇಲ್ಮನವಿಗೆ ಅವಕಾಶ ಕೊಟ್ಟಿದೆ. ಯಾಕೆ ಇಳಿಸಿದಿರಿ ಅಂತ ಲಿಖಿತವಾಗಿ ಕಾರಣ ಕೇಳಿ. ಆ ಕಾಗದ, ಹಳೇ ಸರ್ಟಿಫಿಕೇಟ್, ನೀವಿಬ್ಬರೂ ಬರೆದ ದಿನದ ಹಾಳೆ, ಹೊಸ ಡಾಕ್ಟರ್ ಚೀಟಿ, ಇಷ್ಟನ್ನೂ ಸೇರಿಸಿ ಮೇಲ್ಮನವಿ ಹಾಕಿ. ತಡ ಮಾಡಬೇಡಿ, ಅದಕ್ಕೆ ದಿನದ ಮಿತಿ ಇದೆ. ಎಲ್ಲಿ ಕೊಡಬೇಕು ಅಂತ ಜಿಲ್ಲಾ ಅಂಗವಿಕಲರ ಕಲ್ಯಾಣಾಧಿಕಾರಿಗಳ ಕಚೇರಿಯಲ್ಲಿ ಹೇಳುತ್ತಾರೆ. ಅಲ್ಲೂ ಕೆಲಸ ಆಗದಿದ್ದರೆ ಬೆಂಗಳೂರಿನಲ್ಲಿ ಅಂಗವಿಕಲ ವ್ಯಕ್ತಿಗಳ ರಾಜ್ಯ ಆಯುಕ್ತರು ಇದ್ದಾರೆ.

ಕೊನೆಗೆ ಉಳಿದದ್ದು ನಿಮ್ಮ ದೊಡ್ಡ ಪ್ರಶ್ನೆ: ಹೋಗಲ್ಲ ಅಂದವರನ್ನು ಒಪ್ಪಿಸುವುದು ಹೇಗೆ. ಬೇಡಿಕೊಳ್ಳಬೇಡಿ, ಅತ್ತು ಕರೆಯಬೇಡಿ. ಮೇಲೆ ಹೇಳಿದ ಒಂಬತ್ತು ಕೆಲಸವನ್ನು ಒಂದು ಚೀಟಿಯಲ್ಲಿ ಬರೆದು ಅಂಗಡಿಗೆ ಹೋಗಿ ಕೊಡಿ. ಯಾವುದು ಆಗುತ್ತೆ, ಯಾವುದು ಆಗಲ್ಲ, ಯಾವುದಕ್ಕೆ ಹಿಡಿದುಕೊಳ್ಳಲು ಏನಾದರೂ ಬೇಕು, ಅವರೇ ಗುರುತು ಹಾಕಲಿ. ನೀವು ಪಕ್ಕ ನಿಂತು ತಿದ್ದಬೇಡಿ. ಬಟ್ಟೆ ಅಳತೆ ತೆಗೆಯುವಾಗ ಅರ್ಧ ಇಂಚೂ ಸುಳ್ಳು ಬರೆಯದ ಮನುಷ್ಯ ತನ್ನ ಅಳತೆಯನ್ನೂ ಸರಿಯಾಗಿಯೇ ಬರೆಯುತ್ತಾರೆ. ಆ ಚೀಟಿಯನ್ನೇ ಹಿಡಿದು ಬೋರ್ಡಿಗೆ ಹೋಗಲಿ. ಬಾಯಲ್ಲಿ ಹೇಳಲು ಮುಜುಗರ ಆದರೆ ಡಾಕ್ಟರ್ ಕೈಗೆ ಕೊಟ್ಟರೂ ನಡೆಯುತ್ತದೆ.

ಸಂಪಾದಕ